ವಿನ್ಯೆಟಿಂಗ್‌ಗೆ ಒಂದೇ ಪದ ಸಾಕೇ? ಅಪರ್ಚರ್ ‘ಜಾಸ್ತಿ’ ಅಂದರೆ ಯಾವ ಕಡೆಗೆ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಹಳೆಯ ಸ್ಟೀರಿಯೋ ಕ್ಯಾಮೆರಾ (ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ಜೋಡಿಚಿತ್ರ ತೆಗೆದು ಆಳ ತೋರಿಸುವ ಕ್ಯಾಮೆರಾ) ಹಿಡಿದು ಫಿಲ್ಮಿನಲ್ಲಿ ತೆಗೆಯುವ ಹುಡುಗರಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಕೂಡಿಬರುತ್ತಿಲ್ಲ. ಬಲ್ಲವರು ನೆರವಾಗಬೇಕು.

ಮೊದಲನೆಯದು ವಿನ್ಯೆಟಿಂಗ್. ಚಿತ್ರದ ನಡುಭಾಗ ಬೆಳಗಿದ್ದು ಮೂಲೆಗಳು ಕಪ್ಪಿಡುವುದು. ಫ್ರೆಂಚಿನಲ್ಲಿ ಇದರ ಬೇರು ದ್ರಾಕ್ಷಿಬಳ್ಳಿ: ಪುಸ್ತಕದ ಅಂಚಿನ ಬಳ್ಳಿಚಿತ್ತಾರಕ್ಕಿದ್ದ ಹೆಸರು ಅಂಚು ಮಾಸಿದ ಭಾವಚಿತ್ರಕ್ಕೆ ಬಂತು, ಆಮೇಲೆ ಲೆನ್ಸಿಗೂ ಅಂಟಿತು. ‘ಅಂಚುಗಪ್ಪು’ ಎಂದರೆ ಅರ್ಥವೇನೋ ಆಗುತ್ತದೆ. ಆದರೆ ಈ ಕಪ್ಪಿಗೆ ಕಾರಣ ಒಂದೇ ಅಲ್ಲ.

1947ರಲ್ಲಿ ಅಮೆರಿಕದ ಮಿಲ್ವಾಕಿಯಿಂದ ಬಂದ ಸ್ಟೀರಿಯೋ ರಿಯಲಿಸ್ಟ್ ತೆಗೆದುಕೊಳ್ಳಿ. 35 ಮಿ.ಮೀ. ಲೆನ್ಸ್ ಎರಡು; ಬೆಳಕು ಒಳಬಿಡುವ ತೂತನ್ನು, ಅಂದರೆ ಅಪರ್ಚರನ್ನು, ಪೂರ್ತಿ ತೆರೆದರೆ ಎಫ್ 3.5 (ಎಫ್ ಅಂಕಿ ಏರಿದಷ್ಟೂ ತೂತು ಕಿರಿದು). ಹಿಂಬದಿ ಬಿಚ್ಚಿ, ಶಟರ್ ತೆರೆದಿಟ್ಟು, ಫಿಲ್ಮಿನ ಮೂಲೆ ಕೂರುವ ಜಾಗದಿಂದ ಲೆನ್ಸಿನೊಳಗೆ ಇಣುಕಿದರೆ ದುಂಡಗಿನ ತೂತು ಬಾದಾಮಿಯಂತೆ ಕಾಣುತ್ತದೆ. ಲೆನ್ಸಿನ ಕೊಳವೆ ಅಡ್ಡ ಬಂದು ಬೆಳಕನ್ನು ಕತ್ತರಿಸಿರುತ್ತದೆ. ಎಫ್ 8ಕ್ಕೆ ತಿರುಗಿಸಿದರೆ ತೂತು ಮತ್ತೆ ದುಂಡಗೆ, ಆ ಕಪ್ಪು ಬಹುಮಟ್ಟಿಗೆ ಹೋಯಿತು. ಇನ್ನೊಂದು ಕಪ್ಪು ಓರೆ ಬೆಳಕಿನದು: ಮೂಲೆಗೆ ಬೆಳಕು ಓರೆಯಾಗಿ ಬೀಳುವುದರಿಂದ ಅಲ್ಲಿ ಕಡಿಮೆಯಾಗುತ್ತದೆ. ಲೆಕ್ಕ ಹಾಕಿದರೆ ಈ ಕ್ಯಾಮೆರಾದ 24×23 ಮಿ.ಮೀ. ಚೌಕಟ್ಟಿನ ಮೂಲೆಗೆ ಸಿಗುವುದು ನಡುವಿನ ಬೆಳಕಿನ ಮೂರನೇ ಎರಡರಷ್ಟು. ಎಫ್ 22ಕ್ಕೆ ಇಳಿದರೂ ಅದು ಹೋಗದು.

ಮೊದಲನೆಯದಕ್ಕೆ ‘ಅಡ್ಡಗಪ್ಪು’, ಎರಡನೆಯದಕ್ಕೆ ‘ಓರೆಗಪ್ಪು’ ಎಂದು ಬರೆದುಕೊಂಡಿದ್ದೇನೆ. ‘ಅಡ್ಡ’ವನ್ನು ಯಾರಾದರೂ ಉದ್ದ-ಅಡ್ಡದ ಅಡ್ಡವೆಂದು ಓದಿಯಾರೇ ಎಂಬುದೇ ಅನುಮಾನ.

ಜೋಡಿಚಿತ್ರದಲ್ಲಿ ಈ ವ್ಯತ್ಯಾಸ ಬರೀ ಪಾಂಡಿತ್ಯದ ಮಾತಲ್ಲ. ಲಾಲ್‌ಬಾಗಿನ ಗಾಜಿನ ಮನೆ ತೆಗೆಯುವಾಗ ಬಲ ಅಂಚಿನಲ್ಲಿ ಹತ್ತಿರದ ಕೊಂಬೆಯೊಂದು ಬಂತೆನ್ನಿ. ಎಡಗಣ್ಣಿನ ಚಿತ್ರದಲ್ಲಿ ಅದು ಕಪ್ಪು ಮೂಲೆಗೇ ಬೀಳುತ್ತದೆ, ಬಲಗಣ್ಣಿನದರಲ್ಲಿ ತುಸು ಒಳಗೆ, ಬೆಳಕಿನಲ್ಲಿರುತ್ತದೆ. ಒಂದೇ ಎಲೆ ಒಂದು ಕಣ್ಣಿಗೆ ಮಂಕು, ಇನ್ನೊಂದಕ್ಕೆ ಹೊಳಪು. ಜೋಡಿಯನ್ನು ಎರಡೂ ಕಣ್ಣಿನಿಂದ ನೋಡುವ ನೋಡುಕದಲ್ಲಿ (ವ್ಯೂಅರ್) ಇಟ್ಟಾಗ ಆ ಜಾಗ ಮಿಣಮಿಣ ಎಂದು ಕಣ್ಣು ನೋಯಿಸುತ್ತದೆ. ಅಪರ್ಚರ್ ಕಿರಿದು ಮಾಡಿದರೆ ಎಷ್ಟು ಸರಿಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಓದುಗನಿಗೆ ಹೆಸರು ಹಿಡಿದೇ ಹೇಳಬೇಕು.

ಎರಡನೆಯದು ಬಳಕೆಯ ಪ್ರಶ್ನೆ. ‘ಅಪರ್ಚರ್ ಜಾಸ್ತಿ ಮಾಡು’ ಎಂದಾಗ ಕೆಲವರು ಅಂಕಿ ಏರಿಸುತ್ತಾರೆ, ಕೆಲವರು ತೂತು ಹಿಗ್ಗಿಸುತ್ತಾರೆ. ಎರಡೂ ತದ್ವಿರುದ್ಧ: ರಿಯಲಿಸ್ಟಿನಲ್ಲಿ ಎಫ್ 3.5 ಎಂದರೆ 10 ಮಿ.ಮೀ. ತೂತು, ಎಫ್ 8 ಎಂದರೆ ನಾಲ್ಕು ಮಿ.ಮೀ. ಚಿಲ್ಲರೆ. ಪಠ್ಯಪುಸ್ತಕದ ‘ದ್ಯುತಿರಂಧ್ರ’ ಮಾತಿನಲ್ಲಿ ನಾಲಿಗೆಗೆ ಹೊರಳುವುದಿಲ್ಲ. ‘ಕಿಂಡಿ’ ಎಂದರೆ ಹೇಗೆ? ಉಡುಪಿಯ ಕನಕನ ಕಿಂಡಿ ಕೇಳಿದವರಿಗೆ ಅದು ಸಣ್ಣ ತೆರಪು ಎಂದು ವಿವರಿಸಬೇಕಿಲ್ಲ. ‘ಕಿಂಡಿ ಹಿಗ್ಗಿಸು’, ‘ಕಿಂಡಿ ಕುಗ್ಗಿಸು’ ಎಂದಮೇಲೆ ಗೊಂದಲಕ್ಕೆ ಜಾಗವೇ ಇಲ್ಲ. ನನ್ನ ಒಲವು ಇದರ ಕಡೆಗೇ.

ಫಿಲ್ಮಿನ ಕಾಲದಲ್ಲಿ ಸ್ಟುಡಿಯೋಗಳಲ್ಲಿ ದುಡಿದವರು ಯಾರಾದರೂ ಇಲ್ಲಿದ್ದರೆ, ಡಾರ್ಕ್‌ರೂಮಿನಲ್ಲಿ ಮೂಲೆ ಕಪ್ಪಾದ ಪ್ರಿಂಟಿಗೆ ನೀವು ನೀವೇ ಏನೆನ್ನುತ್ತಿದ್ದಿರಿ? ಆ ಮಾತು ಸಿಕ್ಕರೆ ನಾನು ಕಟ್ಟಿದ ಪದಗಳನ್ನು ಬಿಟ್ಟು ಅದನ್ನೇ ಬಳಸುತ್ತೇನೆ.