ಬಂದೂಕು ಹಿಡಿಯಲ್ಲ ಎನ್ನಲು ಧರ್ಮದ ಚೀಟಿ ಬೇಕಾ? ಗುಂಪಿನಲ್ಲಿ ವಕೀಲರಿಗೆ ಕೇಳಿದ್ದು

ಆಳಂದದ ಮಾಸ್ತರ್: ವಕೀಲ ಮೇಡಂ, ನಮಸ್ಕಾರ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಹೀಗೊಂದು ವಿಷಯ ಇಟ್ಟಿದ್ದೇವೆ. ಕಡ್ಡಾಯ ಸೈನ್ಯ ಸೇವೆ ಇರುವ ದೇಶದಲ್ಲಿ ‘ನನ್ನ ಆತ್ಮಸಾಕ್ಷಿ ಒಪ್ಪಲ್ಲ’ ಎನ್ನುವವನು ಧರ್ಮದ ಆಧಾರ ತೋರಿಸಲೇಬೇಕಾ? ದೇವರನ್ನು ನಂಬದವನ ಮಾತಿಗೆ ಬೆಲೆ ಇಲ್ವಾ? ಕಾನೂನೂ ಹೇಳಿ, ನಿಮ್ಮ ಅನಿಸಿಕೆಯನ್ನೂ ಹೇಳಿ.

ವಕೀಲರು, ಕಲಬುರಗಿ: ಮಾಸ್ತರ್ರೇ, ಒಳ್ಳೆ ವಿಷಯ. ಅಮೆರಿಕದ ಕಾನೂನಿನಲ್ಲಿ ವಿನಾಯಿತಿಗೆ ‘ಧಾರ್ಮಿಕ ತರಬೇತಿ ಮತ್ತು ನಂಬಿಕೆ’ ಇರಬೇಕು ಎಂಬ ಮಾತು ಇವತ್ತಿಗೂ ಇದೆ. 1948ರ ಕಾಯ್ದೆಯಲ್ಲಿ ದೇವರ ಪ್ರಸ್ತಾಪವೇ ಇತ್ತು. 1965ರಲ್ಲಿ ಸೈನ್ಯ ಸೇವೆ ಒಲ್ಲೆ ಎಂದ ಸೀಗರ್ ಎಂಬವನ ಪ್ರಕರಣ ಬಂತು. ಭಕ್ತನ ಬದುಕಿನಲ್ಲಿ ದೇವರಿಗೆ ಇರುವಂಥ ಜಾಗ ಇವನ ಬದುಕಿನಲ್ಲಿ ಈ ನಂಬಿಕೆಗೆ ಇದ್ದರೆ ಸಾಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಆಮೇಲೆ ವೆಲ್ಶ್ ಎಂಬ ಯುವಕ. ಅರ್ಜಿಯಲ್ಲಿ ಅಚ್ಚಾಗಿದ್ದ ‘ಧಾರ್ಮಿಕ ತರಬೇತಿ’ ಎಂಬ ಮಾತಿನ ಮೇಲೆ ಗೆರೆ ಎಳೆದು ಸಹಿ ಹಾಕಿದ. ಸೈನ್ಯಕ್ಕೆ ಸೇರಲ್ಲ ಎಂದಿದ್ದಕ್ಕೆ 3 ವರ್ಷ ಜೈಲು ಎಂದಾಯಿತು. 1970ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆ ರದ್ದು ಮಾಡಿತು. ಆದರೆ ಮರುವರ್ಷವೇ ಗಿಲೆಟ್ ಪ್ರಕರಣದಲ್ಲಿ ಒಂದು ಗೆರೆ ಹಾಕಿತು: ಯಾವ ಯುದ್ಧವೂ ಬೇಡ ಎನ್ನಬೇಕು, ಇದೊಂದು ಯುದ್ಧ ಮಾತ್ರ ಬೇಡ ಎಂದರೆ ನಡೆಯಲ್ಲ.

ಜರ್ಮನಿಯ ಸಂವಿಧಾನದ 4ನೇ ವಿಧಿ ಆತ್ಮಸಾಕ್ಷಿ ಎಂದಷ್ಟೇ ಹೇಳುತ್ತದೆ, ಧರ್ಮದ ಷರತ್ತು ಹಾಕಿಲ್ಲ. ಬ್ರಿಟನ್ 1916ರಲ್ಲೇ ಆತ್ಮಸಾಕ್ಷಿಯ ಕಾರಣವನ್ನು ಕಾಯ್ದೆಯಲ್ಲಿ ಸೇರಿಸಿತ್ತು.

ನನ್ನ ಅನಿಸಿಕೆ: ಧರ್ಮದ ಷರತ್ತು ಬೇಡ. ಯಾವ ದೇವರು ಅಂತ ಕೇಳಿ ಏನು ಸಿಗುತ್ತದೆ? ಇಷ್ಟು ದಿನ ಹೇಗೆ ಬಾಳಿದೆ ಅಂತ ಕೇಳಲಿ. ಅದಕ್ಕೆ ಸಾಕ್ಷಿ ಸಿಗುತ್ತದೆ.

ಚಿಂಚೋಳಿ ಸದಸ್ಯ: ಮೇಡಂ, ನಮ್ಮ ದೇಶದಲ್ಲಿ ಕಡ್ಡಾಯ ಸೈನ್ಯ ಸೇವೆ ಇದೆಯಾ?

ವಕೀಲರು: ಇಲ್ಲ.

ಹುಮನಾಬಾದ್‌ನ ನಿವೃತ್ತ ಸುಬೇದಾರ್: ಮೇಡಂ, ತಪ್ಪು ತಿಳಿಯಬೇಡಿ. ಧರ್ಮ ಅಂದರೆ ಕನಿಷ್ಠ ಒಂದು ಗುರುತು ಇರುತ್ತದೆ. ಬರೀ ಆತ್ಮಸಾಕ್ಷಿ ಎಂದರೆ ನಾಳೆ ಎಲ್ಲರೂ ಅದನ್ನೇ ಹೇಳುತ್ತಾರೆ. ಗಡಿ ಕಾಯೋರು ಯಾರು?

ವಕೀಲರು: ಸುಬೇದಾರ್ ಸಾಬ್ರೇ, ನ್ಯಾಯವಾದ ಪ್ರಶ್ನೆ. ದಕ್ಷಿಣ ಕೊರಿಯಾ ನೋಡಿ. ಅಲ್ಲಿ ಸೈನ್ಯ ಸೇವೆ ಸುಮಾರು 18 ತಿಂಗಳು. 2020ರಿಂದ ಬಂದೂಕು ಒಲ್ಲೆ ಎನ್ನುವವನಿಗೆ ಬದಲಿ ಸೇವೆ 36 ತಿಂಗಳು, ಅದೂ ಜೈಲಿನಲ್ಲೇ ಇದ್ದು ಕೆಲಸ. ಎರಡು ಪಟ್ಟು. ಸೋಮಾರಿ ಯಾರೂ ಅದನ್ನು ಆರಿಸಲ್ಲ. 2021ರಲ್ಲಿ ಧರ್ಮದ ಕಾರಣ ಕೊಡದ ಒಬ್ಬ ಶಾಂತಿವಾದಿಯ ಖುಲಾಸೆಯನ್ನೂ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಸೇಡಂ ವಿದ್ಯಾರ್ಥಿ: ಮೇಡಂ, ಜೈನರಿಗೆ ವಿನಾಯಿತಿ ಇದೆ ಅಂತಾರಲ್ಲ?

ವಕೀಲರು: ಇಲ್ಲ. ಕಡ್ಡಾಯವೇ ಇಲ್ಲದ ಮೇಲೆ ವಿನಾಯಿತಿ ಎಲ್ಲಿಂದ ಬರುತ್ತದೆ?

ಆಳಂದದ ಮಾಸ್ತರ್: ಸೇಡಂನವರು ಕೇಳುತ್ತಿದ್ದೀರಿ ಅಂತ ಹೇಳುತ್ತೇನೆ. ನಿಮ್ಮ ಪಕ್ಕದ ಮಳಖೇಡದಲ್ಲಿ ಆಳಿದ ಅಮೋಘವರ್ಷ ಜೈನ ಧರ್ಮಕ್ಕೆ ಒಲಿದವನು. ಅವನಿಗೂ ಸೈನ್ಯ ಇತ್ತು.

ಸುರಪುರ ತಾಲೂಕಿನ ತಾಯಿ: ಮೇಡಂ, ಮಗಳ ಕೈಲಿ ಬರೆಸುತ್ತಿದ್ದೇನೆ. ಮಗ ಸೈನ್ಯಕ್ಕೆ ಸೇರಿ 6 ವರ್ಷ ಆಯಿತು. ರಜೆಗೆ ಬಂದವನು ವಾಪಸ್ ಹೋಗಿಲ್ಲ. ರಜೆ ಮುಗಿದು 19 ದಿನ. ತೊಗರಿ ಹೊಲದಲ್ಲಿ ಹಂದಿ ಓಡಿಸಲು ಪಕ್ಕದವರು ಪಟಾಕಿ ಹೊಡೆದರೆ ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಳ್ಳುತ್ತಾನೆ. ಮನೆಯಲ್ಲಿ ಕೋಳಿ ಕೊಯ್ದರೆ ಎದ್ದು ಹೊರಗೆ ಹೋಗುತ್ತಾನೆ. ‘ಅವ್ವಾ, ಯಾವ ದೇವರೂ ನನಗೆ ಹೇಳಿಲ್ಲ, ಕೊಲ್ಲೋದು ಆಗಲ್ಲ ಅಂತ ನನಗೇ ಅನಿಸಿಬಿಟ್ಟಿದೆ’ ಅಂತಾನೆ. ಅವನಿಗೆ ಬಿಡುಗಡೆ ಸಿಗುತ್ತದಾ?

ಜೇವರ್ಗಿ ಸದಸ್ಯ: ಅಕ್ಕಾರೇ, ಚಿಂತೆ ಬೇಡ. ಈ ಮೆಸೇಜ್ ನೋಡಿ: “ಮಠ ಅಥವಾ ದರ್ಗಾದಿಂದ ‘ನಮ್ಮ ಧರ್ಮ ಹಿಂಸೆ ಒಪ್ಪಲ್ಲ’ ಎಂಬ ಪತ್ರ ತಂದು 100 ರೂಪಾಯಿ ಬಾಂಡ್ ಮೇಲೆ ನೋಟರಿ ಮಾಡಿಸಿ. ಧರ್ಮ ಸ್ವಾತಂತ್ರ್ಯದ 25ನೇ ವಿಧಿ ಪ್ರಕಾರ ಸೈನ್ಯ ಬಿಡಲೇಬೇಕು. ಎಲ್ಲರಿಗೂ ಹಂಚಿ.”

ವಕೀಲರು: ಜೇವರ್ಗಿಯವರೇ, ಅದನ್ನು ದಯವಿಟ್ಟು ಈಗಲೇ ಅಳಿಸಿ. ಅದು ಸುಳ್ಳು. ಸೈನ್ಯದವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂಸತ್ತಿಗೆ 33ನೇ ವಿಧಿ ಅಧಿಕಾರ ಕೊಟ್ಟಿದೆ. ರೆಜಿಮೆಂಟಿನ ಪೂಜೆಗೆ ಗರ್ಭಗುಡಿಯೊಳಗೆ ಹೋಗಲ್ಲ ಎಂದ ಅಧಿಕಾರಿಯ ವಜಾವನ್ನು 2025ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟೂ ಅದರಲ್ಲಿ ಕೈ ಹಾಕಲಿಲ್ಲ. ಅವರದು ನಿಜವಾದ ಧಾರ್ಮಿಕ ಕಾರಣವೇ ಆಗಿತ್ತು. ನಿಮ್ಮ ನೋಟರಿ ಬಾಂಡ್ ಏನು ಮಾಡುತ್ತದೆ?

ಸುರಪುರದ ಅಕ್ಕ, ಈಗ ನನ್ನ ಮಾತು ನಿಧಾನವಾಗಿ ಓದಿ, ಮಗನಿಗೂ ಓದಿ ಹೇಳಿ. ಅನುಮತಿ ಇಲ್ಲದೆ 30 ದಿನ ಹೊರಗಿದ್ದರೆ ಸೈನ್ಯದವರು ತಮ್ಮೊಳಗೇ ತನಿಖೆ (ಕೋರ್ಟ್ ಆಫ್ ಎನ್‌ಕ್ವೈರಿ) ಕೂರಿಸುತ್ತಾರೆ, ಓಡಿಹೋದವನು ಎಂದು ಘೋಷಿಸುತ್ತಾರೆ. ನಿಮಗೆ ಉಳಿದಿರುವುದು 11 ದಿನ. ರಜೆ ಮೀರಿದ ತಪ್ಪಿಗೆ ಹೆಚ್ಚೆಂದರೆ 3 ವರ್ಷ ಶಿಕ್ಷೆ. ಓಡಿಹೋದ ತಪ್ಪಿಗೆ 7 ವರ್ಷದವರೆಗೆ, ಯುದ್ಧಭೂಮಿಯಂಥ ಸೇವೆಯಲ್ಲಿದ್ದರೆ ಮರಣದಂಡನೆಯವರೆಗೂ ಕಾಯ್ದೆಯಲ್ಲಿ ಬರೆದಿದೆ. ಹೆದರಿಸಲು ಹೇಳುತ್ತಿಲ್ಲ. ತಾನಾಗಿ ಬಂದವನನ್ನೂ ಹಿಡಿದು ತಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲ್ಲ. ಇನ್ನೊಂದು ಮಾತು. ಓಡಿಬಂದವನನ್ನು ಬಚ್ಚಿಡುವುದೂ ಅಪರಾಧ. ಆ ಕಾನೂನಿನಲ್ಲಿ ಹೆಂಡತಿಗೆ ವಿನಾಯಿತಿ ಇದೆ, ತಾಯಿಗೆ ಇಲ್ಲ.

ನೀವು ಬರೆದಿದ್ದರಲ್ಲಿ ನನಗೆ ಎರಡು ವಿಷಯ ಕಾಣುತ್ತಿವೆ. ಪಟಾಕಿ ಸದ್ದಿಗೆ ಬೀಳುವುದು ಕಾಯಿಲೆ ಇರಬಹುದು. ಅದಕ್ಕೆ ಮನೋವೈದ್ಯರು ಬೇಕು. ಸಿಕಂದರಾಬಾದ್‌ನಲ್ಲಿ ಮಿಲಿಟರಿ ಆಸ್ಪತ್ರೆ ಇದೆ, ವಾಡಿಯಲ್ಲಿ ರೈಲು ಬದಲಾಯಿಸಿದರೆ ಅರ್ಧ ದಿನದ ದಾರಿ. ಅಲ್ಲಿಗೆ ಹೋಗಿ ಹಾಜರಾಗಲಿ, ಅದೇ ದಿನ ಯೂನಿಟ್‌ಗೆ ಸ್ಪೀಡ್ ಪೋಸ್ಟ್ ಹಾಕಿ ತಿಳಿಸಲಿ. ಕೊಲ್ಲೋದು ಆಗಲ್ಲ ಎನ್ನುವುದು ಕಾಯಿಲೆ ಅಲ್ಲ, ಅದು ಅವನ ಮನಸ್ಸಿನ ತೀರ್ಮಾನ. ಒಂದನ್ನು ಇನ್ನೊಂದು ಅಂತ ಯಾರೂ ಹಣೆಪಟ್ಟಿ ಹಚ್ಚಬಾರದು. ಈ ಎರಡನೆಯದಕ್ಕೆ ನಮ್ಮ ಕಾಯ್ದೆಯಲ್ಲಿ ಬಾಗಿಲು ಇಲ್ಲ. ಇರುವುದು ಒಂದು ಕಿಂಡಿ: 1954ರ ಸೈನ್ಯ ನಿಯಮಗಳ 13ನೇ ನಿಯಮ. ಸ್ವಂತ ಕೋರಿಕೆ ಮೇಲೆ ಬಿಡುಗಡೆ ಕೇಳಬಹುದು. ಕೊಡುವುದು ಬಿಡುವುದು ಅವರ ಕೈಯಲ್ಲಿ. ಹಾಜರಾಗದೆ ಕೇಳಿದರೆ ಯಾರೂ ಕೊಡಲ್ಲ.

ಮಾಸ್ತರ್ರೇ, ನಿಮ್ಮ ಚರ್ಚೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಧರ್ಮ ಕಡ್ಡಾಯ ಅಂತ ಮಾಡಿದರೆ ಈ ಹುಡುಗ ಯಾವುದೋ ಮಠದ ಪತ್ರ ಹಿಡಿದು ಸುಳ್ಳು ಹೇಳಬೇಕಾಗುತ್ತದೆ. ನಿಜ ಹೇಳುವವನಿಗೆ ದಾರಿ ಇರಲ್ಲ, ಸುಳ್ಳು ಹೇಳುವವನಿಗೆ ಇರುತ್ತದೆ. ಅಕ್ಕ, ಯೂನಿಟ್ ಹೆಸರು, ಮಗನ ಹೆಸರು ಇಲ್ಲಿ ಹಾಕಬೇಡಿ. ನನಗೆ ಬೇರೆ ಮೆಸೇಜ್ ಮಾಡಿ.

ಚಿತ್ತಾಪುರ ಸದಸ್ಯ: ಭಾರತದಲ್ಲಿ ಕಡ್ಡಾಯ ಸೇವೆ ತರಲು ಸಂವಿಧಾನ ಬಿಡುತ್ತದಾ?

ವಕೀಲರು: ಬಿಡುತ್ತದೆ. 23(2)ನೇ ವಿಧಿ. ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಬಹುದು. ಆದರೆ ಧರ್ಮ, ಜನಾಂಗ, ಜಾತಿ, ವರ್ಗ ಮಾತ್ರ ನೋಡಿ ತಾರತಮ್ಯ ಮಾಡುವಂತಿಲ್ಲ. ನನ್ನ ಓದಿನಲ್ಲಿ, ‘ಧರ್ಮ ಇದ್ದವನಿಗೆ ಮಾತ್ರ ವಿನಾಯಿತಿ’ ಎಂಬ ಕಾನೂನು ಇಲ್ಲಿ ಬಂದರೆ ಇದೇ ಸಾಲಿಗೆ ಸಿಕ್ಕಿಕೊಳ್ಳುತ್ತದೆ. 1986ರ ಬಿಜೋ ಇಮ್ಯಾನುಯೆಲ್ ತೀರ್ಪನ್ನೂ ಓದಿ. ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೆ ಇದ್ದ 3 ಮಕ್ಕಳ ಪ್ರಕರಣ. ಅವರ ನಂಬಿಕೆ ಪ್ರಾಮಾಣಿಕವೇ ಎಂದು ಕೋರ್ಟ್ ನೋಡಿತು.

ಸೇಡಂ ವಿದ್ಯಾರ್ಥಿ: ಸುಬೇದಾರ್ ಅಂಕಲ್, ಈಗ ಏನಂತೀರಿ? ಆ ಅಣ್ಣನೂ ಸೋಮಾರಿನಾ?

ಸುಬೇದಾರ್: ನಾನು ಹಾಗಂದೆನಾ? 24 ವರ್ಷ ಸೇವೆ ಮಾಡಿದ್ದೇನೆ. ಒಬ್ಬ ಕೈಬಿಟ್ಟರೆ ಪಕ್ಕದವನ ಜೀವ ಹೋಗುತ್ತದೆ. ಅದು ಕುರ್ಚಿಯಲ್ಲಿ ಕೂತವರಿಗೆ ಗೊತ್ತಾಗಲ್ಲ.

ಸೇಡಂ ವಿದ್ಯಾರ್ಥಿ: ಕೂತವರು ಯೋಚನೆನೂ ಮಾಡಬಾರದಾ?

ಬೀದರ್ ಸದಸ್ಯ: ತಮ್ಮಾ, ಹಿರಿಯರ ಜೊತೆ ಮಾತಾಡೋ ರೀತಿ ಇದಲ್ಲ.

ಸೇಡಂ ವಿದ್ಯಾರ್ಥಿ: ನೀವ್ಯಾಕೆ ನಡುವೆ ಬರ್ತೀರಿ?

ಶಹಾಪುರ ಸದಸ್ಯೆ: ಮೇಡಂ, ಮಗಳು ಎನ್‌ಸಿಸಿ ಸೇರಿದ್ದಾಳೆ. ಯುದ್ಧ ಆದರೆ ಕರೀತಾರಾ?

ವಕೀಲರು: ಇಲ್ಲ. ಎನ್‌ಸಿಸಿ ಸೇರಿದ ಮಾತ್ರಕ್ಕೆ ಸೈನ್ಯ ಸೇವೆಯ ಹೊಣೆ ಬರಲ್ಲ.

ಅಫಜಲಪುರ ಸದಸ್ಯ: ಮೇಡಂ, ಅಗ್ನಿವೀರ ನಡುವೆ ಬಿಟ್ಟುಬಂದರೆ ಸೇವಾನಿಧಿ ದುಡ್ಡು ಪೂರ್ತಿ ಸಿಗುತ್ತದಾ?

ಜೇವರ್ಗಿ ಸದಸ್ಯ: ಮೇಡಂ, ಆ ಮೆಸೇಜ್ ನಮ್ಮ ಸೋದರಮಾವ ಕಳಿಸಿದ್ದು. ಅವರು ಸುಳ್ಳು ಹೇಳಲ್ಲ.

ವಕೀಲರು: ನಿಮ್ಮ ಮಾವ ಒಳ್ಳೆಯವರೇ ಇರಬಹುದು. ಮೆಸೇಜ್ ಸುಳ್ಳು. ಅದನ್ನು ನಂಬಿ ಈ ತಾಯಿ 11 ದಿನ ಮಠ ಸುತ್ತಿದ್ದರೆ ಮಗನ ಗತಿ ಏನಾಗುತ್ತಿತ್ತು? ಇನ್ನೂ ಅಳಿಸಿಲ್ಲ ನೀವು.

ಬೀದರ್ ಸದಸ್ಯ: ಭಾರತದಲ್ಲಿ ಕಡ್ಡಾಯ ಸೇವೆ ಇದೆಯಾ ಅಂತ ಯಾರಾದರೂ ಹೇಳಿ.

ವಕೀಲರು: ಮೇಲೆ ಓದಿ. ಸುಬೇದಾರ್ ಸಾಬ್ರೇ, ಹುಡುಗನ ಜೊತೆ ಜಗಳ ಸಾಕು. ಹಾಜರಾಗುವಾಗ ಏನೇನು ಒಯ್ಯಬೇಕು ಅಂತ ಆ ಅಕ್ಕನಿಗೆ ಬರೆಯಿರಿ. ನಿಮಗೆ ನನಗಿಂತ ಜಾಸ್ತಿ ಗೊತ್ತು.

ಸುಬೇದಾರ್: ಅಕ್ಕ, ಗುರುತಿನ ಚೀಟಿ, ರಜೆ ಸರ್ಟಿಫಿಕೇಟ್ ಮರೆಯಬಾರದು. ಇಲ್ಲಿ ಯಾವ ಡಾಕ್ಟರಿಗೆ ತೋರಿಸಿದ್ದರೂ ಆ ಚೀಟಿಗಳು. ಗೇಟಿನಲ್ಲಿ ಹಾಜರಾದ ತಾರೀಖು, ಹೊತ್ತು ಬರೆಸಿಕೊಳ್ಳಲಿ. ಒಬ್ಬನನ್ನೇ ಕಳಿಸಬೇಡಿ.

ಸುರಪುರ ತಾಯಿ: ಅವನ ಭಾವ ಜೊತೆಗೆ ಹೋಗುತ್ತಾನೆ. ನಾಳೆ ಬೆಳಿಗ್ಗೆ ಯಾದಗಿರಿಯಿಂದ ರೈಲು. ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದ್ದೇನೆ.

ವಕೀಲರು: ಸ್ಪೀಡ್ ಪೋಸ್ಟ್ ರಸೀದಿಯ ಫೋಟೊ ನನಗೆ ಕಳಿಸಿ, ಅಕ್ಕ.

ಅಫಜಲಪುರ ಸದಸ್ಯ: ಮೇಡಂ, ನನ್ನ ಸೇವಾನಿಧಿ ಪ್ರಶ್ನೆ?