ಪದ ಬೇಕು: ‘ಸೋಕ್‌ಅವೇ’ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ಫಲಕ ಅಚ್ಚಿಗೆ ಹೋಗುತ್ತದೆ

ಎಲ್ಲರಿಗೂ ನಮಸ್ಕಾರ.

ಮನೆಯ ಮಳೆನೀರನ್ನು ತೋಟದ ನೆಲಕ್ಕೆ ಇಳಿಸುವ ಬಗ್ಗೆ ಒಂದು ಇಂಗ್ಲಿಷ್ ಕೈಪಿಡಿಯನ್ನು, ಜೊತೆಗೆ ತೋಟದಲ್ಲಿ ನಿಲ್ಲಿಸುವ ಒಂದು ಫಲಕವನ್ನು ಅನುವಾದ ಮಾಡುತ್ತಿದ್ದೇನೆ. ಕೆಲಸ ಮುಗಿಯುತ್ತಾ ಬಂತು. ಆದರೆ ತಲೆಬರಹದಲ್ಲೇ ಇರುವ ಪದ ಇನ್ನೂ ಗಟ್ಟಿಯಾಗಿಲ್ಲ: ಸೋಕ್‌ಅವೇ.

ವಸ್ತು ಇದು. ಚಾವಣಿಯ ನೀರು ಕೊಳವೆಯಲ್ಲಿ ಬಂದು ನೆಲದಡಿಯ ಗುಂಡಿಗೆ ಬೀಳುತ್ತದೆ. ಗುಂಡಿಯೊಳಗೆ ಜಲ್ಲಿ, ಇಲ್ಲವೇ ಪ್ಲಾಸ್ಟಿಕ್ ಕ್ರೇಟ್. ಸುತ್ತಲೂ ಬಟ್ಟೆ, ಮೇಲೆ ಮಣ್ಣು, ಹುಲ್ಲು. ನೀರು ಅಲ್ಲಿ ಸ್ವಲ್ಪ ಹೊತ್ತು ನಿಂತು ಮೆಲ್ಲಗೆ ಮಣ್ಣು ಸೇರುತ್ತದೆ.

ಯಂತ್ರಾನುವಾದಕ್ಕೆ ಹಾಕಿ ನೋಡಿದೆ. ‘ದೂರ ನೆನೆಸಿ’ ಅಂತ ಕೊಟ್ಟಿತು. ಇದು ಬಟ್ಟೆ ಒಗೆಯುವ ಪುಸ್ತಕ ಅಲ್ಲ.

ನನ್ನ ತಲೆಯಲ್ಲಿ ಇರುವವು: ಇಂಗುಗುಂಡಿ, ಹೀರುಗುಂಡಿ, ಬಚ್ಚಲುಗುಂಡಿ, ಇಂಗುಬಾವಿ, ಸೋಕ್‌ಪಿಟ್. ಯಾವುದು? ಇನ್ನೊಂದು ತೊಡಕೂ ಇದೆ. ಪಂಪಿನ ಪುಟದಲ್ಲಿ ‘ಗುಂಡಿ ಒತ್ತಿ’ ಅಂತ ಇದೆ, ಎದುರು ಪುಟದಲ್ಲಿ ‘ಗುಂಡಿ ತೋಡಿ’. ಓದುವವರ ಗತಿ ಏನು?

ಹಾಗೇ ಸಿಲ್ಟ್ ಟ್ರ್ಯಾಪ್, ವಾಟರ್ ಬಟ್, ಫ್ರೆಂಚ್ ಡ್ರೇನ್, ಇನ್ವರ್ಟ್ ಲೆವೆಲ್ ಇವಕ್ಕೂ ಹೇಳಿ. ಕೊನೆಯದಕ್ಕೆ ಮೊದಲ ಕರಡಿನಲ್ಲಿ ‘ತಲೆಕೆಳಗಾದ ಮಟ್ಟ’ ಅಂತ ಬರೆದಿದ್ದೆ. ಜಲ್ಲಿಯ ನಡುವಿನ ಖಾಲಿ ಜಾಗಕ್ಕೆ ‘ಶೂನ್ಯತೆ’ ಅಂತ. ನಗಬೇಡಿ.

— ಸ.

*

> ಇಂಗುಗುಂಡಿ, ಹೀರುಗುಂಡಿ

ಎರಡೂ ತಪ್ಪು. ಗುಂಡಿ ಇಂಗುವುದಿಲ್ಲ, ನೀರು ಇಂಗುತ್ತದೆ. ಗುಂಡಿ ಇಂಗಿಸುತ್ತದೆ. ಆದ್ದರಿಂದ ‘ಇಂಗಿಸು’ ಎಂದೇ ಆಗಬೇಕು. ಇನ್ನು ಗುಂಡಿ ಅಂಗಿಗಿರಲಿ. ನೆಲಕ್ಕೆ ‘ಕುಳಿ’ ಎಂಬ ಒಳ್ಳೆಯ ಪದ ಇದೆ. ಆದೇಶ ಸಂಧಿ ಮಾಡಿದರೆ ‘ಇಂಗಿಸುಗುಳಿ’. ಪದ ಸಿದ್ಧ.

ಮೂಲವನ್ನೂ ಹೇಳಿಬಿಡುತ್ತೇನೆ. ‘ಇಂಗು’ ಎಂಬುದು ‘ಹಿಂಗು’ ಎಂಬುದರದ್ದೇ ಸವೆದ ರೂಪ. ಹಸಿವು ಹಿಂಗಿತು, ದಾಹ ಹಿಂಗಿತು ಎನ್ನುವುದಿಲ್ಲವೇ? ಹಕಾರ ಬಿದ್ದುಹೋಗಿ ಇಂಗು ಆಯಿತು. ಇದನ್ನು ಇಪ್ಪತ್ತು ಸಲ ಬರೆದಿದ್ದೇನೆ. ಯಾರೂ ಓದುವುದಿಲ್ಲ.

ವಾಟರ್ ಬಟ್‌ಗೆ ನಮ್ಮ ಅಚ್ಚಗನ್ನಡದ ‘ಪೀಪಾಯಿ’ ಇರುವಾಗ ಚಿಂತೆ ಏಕೆ? ಸೋಕ್‌ಪಿಟ್ ಎಂಬುದನ್ನು ಪಟ್ಟಿಗೆ ಸೇರಿಸಿದ್ದೇ ನಾಚಿಕೆಗೇಡು. ಪೈಪು, ಕ್ರೇಟು, ಪಂಪು ಎಲ್ಲ ತೆಗೆಯಿರಿ.

— ಕೆ.

*

ಮೇಡಂ, ನಾನು ಭಾಷೆಯವನಲ್ಲ, ಗುಂಡಿ ತೋಡಿಸುವವನು. ಹೆಸರು ತಪ್ಪಿದರೆ ಗುದ್ದಲಿಯೂ ತಪ್ಪುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಬಚ್ಚಲುಗುಂಡಿ ಅಂತ ಖಂಡಿತ ಹಾಕಬೇಡಿ. ಅದು ಬಳಸಿದ ನೀರಿನದು. ಆ ಹೆಸರು ನೋಡಿದವರು ಸ್ನಾನದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅಲ್ಲಿಗೇ ತಿರುಗಿಸುತ್ತಾರೆ. ಸೋಪು, ಜಿಡ್ಡು ಹೋಗಿ ಬಟ್ಟೆಯ ಕಣ್ಣು ಮುಚ್ಚಿಕೊಳ್ಳುತ್ತದೆ. ಆಮೇಲೆ ಮಳೆ ಬಂದರೆ ನೀರು ವಾಪಸ್ ಅಂಗಳಕ್ಕೆ.

ಇಂಗುಬಾವಿಯೂ ಬೇಡ. ಬಾವಿ ಅಂದರೆ ನೀರು ಸಿಗುವ ತನಕ ತೋಡುತ್ತಾರೆ. ಇಲ್ಲಿ ಅದರ ಉಲ್ಟಾ. ಗುಂಡಿಯ ತಳ ಅಂತರ್ಜಲಕ್ಕಿಂತ ಸಾಕಷ್ಟು ಮೇಲೇ ಇರಬೇಕು. ತೋಡುವಾಗ ನೀರು ಒಸರಿತು ಅಂದರೆ ಆ ಜಾಗ ಕೆಲಸಕ್ಕೆ ಬರಲಿಲ್ಲ ಅಂತ ಅರ್ಥ. ಮೊದಲೇ ನೀರು ತುಂಬಿದ ಗುಂಡಿ ಮಳೆನೀರನ್ನು ಎಲ್ಲಿಟ್ಟುಕೊಳ್ಳುತ್ತೆ?

‘ಹೀರು’ ಕೂಡ ಸರಿ ಕಾಣುವುದಿಲ್ಲ. ಹೀರುವುದು ಸುತ್ತಲಿನ ಮಣ್ಣು. ಗುಂಡಿ ಸುಮ್ನೆ ನೀರು ಹಿಡಿದುಕೊಂಡಿರುತ್ತದೆ, ಮಣ್ಣು ಕುಡಿದು ಮುಗಿಸುವ ತನಕ. ಜೇಡಿಮಣ್ಣಾದರೆ ಆ ಕಾಯುವಿಕೆ ಮುಗಿಯುವುದೇ ಇಲ್ಲ.

ಅದಕ್ಕೇ ಮೊದಲು ಪರೀಕ್ಷೆ ಮಾಡುವುದು. ಉದ್ದ, ಅಗಲ, ಆಳ 30 ಸೆಂಟಿಮೀಟರ್ ಇರುವ ಸಣ್ಣ ತಗ್ಗು ತೆಗೆದು ನೀರು ತುಂಬಿಸಿ ರಾತ್ರಿಯೆಲ್ಲ ಬಿಡುತ್ತೇವೆ. ಮರುದಿನ ಮತ್ತೆ ತುಂಬಿಸಿ, ನೀರು ಮುಕ್ಕಾಲಿನಿಂದ ಕಾಲಿಗೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ನೋಡುತ್ತೇವೆ. ಅದನ್ನು 150ರಿಂದ ಭಾಗಿಸಿದರೆ ಒಂದು ಮಿಲಿಮೀಟರ್ ಇಳಿಯಲು ಹಿಡಿದ ಹೊತ್ತು ಸಿಗುತ್ತದೆ. ನಿಮ್ಮ ಕೈಪಿಡಿಯಲ್ಲಿ ಇದಕ್ಕೊಂದು ಅಧ್ಯಾಯವೇ ಇರಬೇಕು. ಅದಕ್ಕೆ ‘ಇಂಗುಪರೀಕ್ಷೆ’ ಅನ್ನಿ, ಕೂಲಿಯವರಿಗೂ ತಿಳಿಯುತ್ತೆ.

‘ಶೂನ್ಯತೆ’ ತತ್ವಜ್ಞಾನಿಗಳಿಗೆ ಬಿಡಿ. ಜಲ್ಲಿಯ ನಡುವೆ ಇರುವುದು ‘ಸಂದು’. ಇದು ಬರೀ ಪದದ ಮಾತಲ್ಲ. 25 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 250 ಲೀಟರ್ ನೀರು. ಜಲ್ಲಿಯಲ್ಲಿ ಸಂದು ಮೂರನೇ ಒಂದು ಭಾಗದಷ್ಟು. ಅಂದರೆ ಅಷ್ಟು ನೀರು ನಿಲ್ಲಲು ಸುಮಾರು 750 ಲೀಟರ್‌ನ ಗುಂಡಿ ಬೇಕು. ಕ್ರೇಟ್‌ನಲ್ಲಿ ನೂರಕ್ಕೆ 95 ಭಾಗ ಖಾಲಿ, ಹಾಗಾಗಿ 265 ಲೀಟರ್ ಸಾಕು. ‘ಶೂನ್ಯತೆ 33’ ಅಂತ ಓದಿದ ಮನುಷ್ಯ ಈ ಲೆಕ್ಕ ಹೇಗೆ ಹಾಕಬೇಕು?

ಇನ್ವರ್ಟ್ ಲೆವೆಲ್ ಅಂದರೆ ಕೊಳವೆಯ ಒಳಗಿನ ತಳ. ‘ಒಳತಳದ ಮಟ್ಟ’ ಅಂದರೆ ಮುಗಿಯಿತು. ಅದು ಗುಂಡಿಯ ಕಡೆಗೆ ಇಳಿಜಾರು ಇರಬೇಕು, ತಲೆಕೆಳಗಾಗಬಾರದು.

ಸಿಲ್ಟ್ ಟ್ರ್ಯಾಪ್‌ಗೆ ನಾವು ಹೂಳುಗುಂಡಿ ಅನ್ನುತ್ತೇವೆ.

— ಗೋ.

*

ಕೆ. ಮೇಷ್ಟ್ರೇ, ನಿಮ್ಮ ಇಂಗಿಸುಗುಳಿಯನ್ನು ಅದೇ ಗುಳಿಗೆ ಹಾಕಿ ಮಣ್ಣು ಮುಚ್ಚಿ.

ಊರುಗೋಲು ಅನ್ನುತ್ತೀರಲ್ಲ, ಕೋಲು ಊರುತ್ತದೆಯೇ? ಕೋಲನ್ನು ಊರುತ್ತಾರೆ. ಕಡೆಗೋಲು ತಾನೇ ಕಡೆಯುವುದಿಲ್ಲ, ಅದರಿಂದ ಕಡೆಯುತ್ತಾರೆ. ಸುಡುಗಾಡಿನಲ್ಲಿ ಕಾಡು ಯಾರನ್ನೂ ಸುಡುವುದಿಲ್ಲ, ಅಲ್ಲಿ ಸುಡುತ್ತಾರೆ. ಧಾತುವಿನ ಪಕ್ಕ ಹೆಸರು ಇಟ್ಟಾಗ ಕನ್ನಡ ಇಷ್ಟೇ ಹೇಳುತ್ತದೆ: ಈ ಕೆಲಸಕ್ಕೂ ಈ ವಸ್ತುವಿಗೂ ನಂಟಿದೆ. ವಸ್ತು ಕರ್ಮವೋ, ಸಾಧನವೋ, ಜಾಗವೋ ಅನ್ನುವುದನ್ನು ಕೇಳುವವರು ತಿಳಿದುಕೊಳ್ಳುತ್ತಾರೆ. ನೀರು ಇಂಗುವ ಜಾಗ ಇಂಗುಗುಂಡಿ. ‘ಊರಿಸುಗೋಲು’ ಅನ್ನದವರು ‘ಇಂಗಿಸುಗುಳಿ’ ಯಾಕೆ ಅನ್ನಬೇಕು?

ಗುಂಡಿ ಗಕಾರದಿಂದಲೇ ಶುರುವಾಗುತ್ತದೆ, ಸಂಧಿಯ ಹಂಗಿಲ್ಲ. ಗುಳಿ ಅಂದರೆ ಜನಕ್ಕೆ ನೆನಪಾಗುವುದು ಕೆನ್ನೆಯ ಗುಳಿ. ಅಂಗಿಯ ಗುಂಡಿಯ ತೊಡಕಿಗೆ ಮದ್ದು ಸುಲಭ: ಪಂಪಿನ ಪುಟದಲ್ಲಿ ‘ಬಟನ್ ಒತ್ತಿ’ ಅನ್ನಿ. ಹೌದು, ಬಟನ್. ಬೈಯುವವರು ಬೈಯಲಿ.

‘ಹಿಂಗು’ವಿನ ವಿಚಾರ ಸಾಕು. ಹಿಂಗು ಎಂಬುದರ ಹಳೆಯ ರೂಪ ಪಿಂಗು, ಅಂದರೆ ಹಿಂದೆ ಸರಿ, ತೊಲಗು. ಇಂಗುವುದು ಒಳಕ್ಕೆ ಇಳಿಯುವುದು. 1894ರ ಕಿಟೆಲ್ ನಿಘಂಟಿನಲ್ಲೂ ಇಂಗು ತನ್ನ ಕಾಲ ಮೇಲೆ ತಾನೇ ನಿಂತಿದೆ. ಹಕಾರ ಕಳಕೊಂಡದ್ದು ಡಬ್ಬಿಯಲ್ಲಿರುವ ಇಂಗು. ಅದು ಸಂಸ್ಕೃತದ ಹಿಂಗುವಿನಿಂದ ಬಂದದ್ದು. ಮೂರನ್ನೂ ಕಲಸಿದರೆ ಇಂಗು ತಿಂದ ಮಂಗನ ಪಾಡು.

ಮತ್ತೆ ‘ಅಚ್ಚಗನ್ನಡದ ಪೀಪಾಯಿ’! ಅದು ಪೋರ್ಚುಗೀಸರ ‘ಪೀಪ’. ಹಡಗಿನಲ್ಲಿ ಬಂದಿಳಿದದ್ದು. ತಮಾಷೆ ಅಂದರೆ ನೀವು ಹೊರಗೆ ಹಾಕಿ ಅಂದ ಪೈಪೂ ಅದೂ ಒಂದೇ ಬೇರಿನವು. ಮಲಗಿದ್ದಕ್ಕೆ ಬಾಗಿಲು ಹಾಕಿ, ನಿಂತಿದ್ದಕ್ಕೆ ಮಣೆ ಹಾಕಿದಿರಿ.

ಸ., ಫ್ರೆಂಚ್ ಡ್ರೇನನ್ನು ‘ಫ್ರಾನ್ಸಿನ ಚರಂಡಿ’ ಮಾಡಿಬಿಡಬೇಡಿ. ಅದು ಅಮೆರಿಕದ ಹೆನ್ರಿ ಫ್ರೆಂಚ್ ಎಂಬವರ ಹೆಸರು. ಹೊಲದ ನೀರು ಬಸಿಯುವ ಬಗ್ಗೆ 1859ರಲ್ಲಿ ಪುಸ್ತಕ ಬರೆದವರು. ‘ಜಲ್ಲಿ ಬಸಿಗಾಲುವೆ’ ಅನ್ನಿ. ಫ್ರಾನ್ಸಿನವರು ನಿಮ್ಮ ಸೋಕ್‌ಅವೇಗೆ ‘ಪ್ವಿ ಪೆರ್ದ್ಯು’ ಅನ್ನುವುದುಂಟು, ಅಂದರೆ ಕಳೆದುಹೋದ ಬಾವಿ. ಎಷ್ಟು ಚೆಂದ! ಅನುವಾದಕ್ಕೆ ಮಾತ್ರ ಉಪಯೋಗ ಇಲ್ಲ.

ಗೋ. ಅವರೇ, ನಿಮ್ಮ ಮಾತೆಲ್ಲ ಸರಿ, ಹೂಳುಗುಂಡಿ ಒಂದು ಬಿಟ್ಟು. ಹೂಳು ಅಂದರೆ ಕೆಸರು, ಹೂಳು ಅಂದರೆ ನೆಲದಲ್ಲಿ ಮುಚ್ಚು. ತೋಟದ ಮೂಲೆಯಲ್ಲಿ ಆ ಹೆಸರಿನ ಫಲಕ ನೋಡಿದವರು ಪೊಲೀಸರನ್ನು ಕರೆಯುತ್ತಾರೆ.

— ವಿ.

*

> ಊರುಗೋಲು, ಕಡೆಗೋಲು, ಸುಡುಗಾಡು

ಇವು ರೂಢಿಯ ಪದಗಳು. ಹೊಸ ಪದ ಕಟ್ಟುವಾಗ ರೂಢಿಯ ಸಡಿಲಿಕೆ ತರಬಾರದು. ಪೀಪಾಯಿ ಬಗ್ಗೆ: ನಾಲ್ಕು ನೂರು ವರ್ಷ ನಮ್ಮ ಅಂಗಳದಲ್ಲಿ ನಿಂತದ್ದು ನಮ್ಮದೇ. ಬಟನ್ ಇನ್ನೂ ಬಾಗಿಲಲ್ಲಿದೆ.

‘ಇಂಗುಪರೀಕ್ಷೆ’ ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ಕಿವಿಗೆ ಹಿಂಸೆ.

ಹೀಗೆ ಸಾಲದ ಮೇಲೆ ಸಾಲ ಜಾಸ್ತಿ ಮಾಡಿಕೊಂಡು ಹೋದರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

— ಕೆ.

*

ಜಾಸ್ತಿ ಎಲ್ಲಿಂದ ಬಂತು, ಮೇಷ್ಟ್ರೇ?

— ವಿ.

*

ಅರಿಸಮಾಸ ಅಂದರೆ ಏನೋ ಗೊತ್ತಿಲ್ಲ ಸಾರ್. ಪರೀಕ್ಷೆ ಮಾಡದೆ ತೋಡಿದ ಒಂದು ಗುಂಡಿ ಗೊತ್ತು. ಪಕ್ಕಾ ಜೇಡಿ. ಮಳೆ ನಿಂತ ಮೂರನೇ ದಿನವೂ ನೀರು ಹಾಗೇ ಇತ್ತು. ಆ ಮನೆಯವರು ನನಗೆ ಬೈದ ಮಾತೆಲ್ಲ ಅಚ್ಚಗನ್ನಡ.

ಹೂಳುಗುಂಡಿ ವಿಷಯ ಒಪ್ಪಿದೆ. ಇಷ್ಟು ವರ್ಷ ಹೇಳಿದರೂ ತಲೆಗೆ ಹೊಳೆದಿರಲಿಲ್ಲ. ‘ಕೆಸರುತೊಟ್ಟಿ’ ಮಾಡಿ. ಅದು ಗುಂಡಿಗಿಂತ ಮೊದಲು, ಕೊಳವೆಯ ದಾರಿಯಲ್ಲೇ ಬರಬೇಕು. ಎಲೆ, ಮಣ್ಣು ಅಲ್ಲೇ ಕೂರುತ್ತದೆ, ಕೈಹಾಕಿ ತೆಗೆಯಬಹುದು. ಜಲ್ಲಿಯೊಳಗೆ ಹೋದರೆ ಮತ್ತೆ ತೆಗೆಯುವ ಮಾತೇ ಇಲ್ಲ.

ಸುತ್ತುವ ಬಟ್ಟೆಗೆ ಏನು ಬರೆದಿದ್ದೀರಿ?

— ಗೋ.

*

ಬಟ್ಟೆಗೆ ‘ಭೂವಸ್ತ್ರ’ ಅಂತ ಬರೆದಿದ್ದೆ. ಈಗ ಹೇಳಲಿಕ್ಕೂ ಭಯ.

— ಸ.

*

ಭೂಮಿತಾಯಿಗೆ ಸೀರೆ ಉಡಿಸಿದ ಹಾಗಿದೆ. ನೀರು ಬಿಡುತ್ತದೆ, ಮಣ್ಣು ತಡೆಯುತ್ತದೆ, ಅಲ್ವಾ? ‘ಸೋಸುಬಟ್ಟೆ’. ಮೊದಲ ಸಲ ಬಂದಾಗ ಮಾತ್ರ ಜಿಯೋಟೆಕ್ಸ್‌ಟೈಲ್ ಎಂಬ ಹೆಸರನ್ನೂ ಹೇಳಿ, ಅಂಗಡಿಯಲ್ಲಿ ಕೇಳಬೇಕಲ್ಲ.

— ವಿ.

*

ಸೋಸುಬಟ್ಟೆ ಒಳ್ಳೆಯ ಪದ. ಇದೊಂದನ್ನು ಒಪ್ಪುತ್ತೇನೆ.

— ಕೆ.

*

ಎಲ್ಲರಿಗೂ ವಂದನೆ. ಪುಸ್ತಕದಲ್ಲಿ ಇಂಗುಗುಂಡಿ, ಕೆಸರುತೊಟ್ಟಿ, ಸೋಸುಬಟ್ಟೆ, ಒಳತಳ, ಸಂದು, ಇಂಗುಪರೀಕ್ಷೆ. ಪಂಪಿಗೆ ಬಟನ್. ಪೀಪಾಯಿ ಪೋರ್ಚುಗೀಸ್ ಆದರೂ ಇಟ್ಟುಕೊಂಡೆ. ಮೇಷ್ಟ್ರೇ, ಇಂಗಿಸುಗುಳಿ ಕೈಬಿಟ್ಟದ್ದಕ್ಕೆ ಬೇಜಾರಾಗಬೇಡಿ.

ಫಲಕದ ಸಾಲು ಈಗ ಹೀಗಿದೆ. ಅರ್ಧ ಗಂಟೆಯಲ್ಲಿ ಕಳಿಸುತ್ತೇನೆ. ತಪ್ಪಿದ್ದರೆ ಈಗಲೇ ಹೇಳಿ:

‘ಇಲ್ಲಿ ನೆಲದಡಿ ಮಳೆನೀರಿನ ಇಂಗುಗುಂಡಿ ಇದೆ. ಮೇಲೆ ವಾಹನ ನಿಲ್ಲಿಸಬೇಡಿ. ಮರ ನೆಡಬೇಡಿ. ಕೆಸರುತೊಟ್ಟಿಯ ಕವರ್ ತೆಗೆದರೆ ಮತ್ತೆ ಹಾಕಿ.’

— ಸ.

*

ಕವರ್?

— ಕೆ.

*

ಮುಚ್ಚಳ. ತಿದ್ದಿದೆ.

— ಸ.