ಮಾಸಿದ ಅಲಾಯ್ ವೀಲ್‌ಗೆ ಸುಲಿಯುವ ರಬ್ಬರ್ ಕೋಟ್ ಸಾಕಾ, ಪೇಂಟೇ ಬೇಕಾ?

ಹಳೇಗಾಡಿ: ನಾಲ್ಕೂ ಅಲಾಯ್ ಮಂಕಾಗಿವೆ, ಅಂಚಲ್ಲಿ ಗೀರುಗಳಿವೆ. ಎರಡರಲ್ಲಿ ಲ್ಯಾಕರ್ (ಮೇಲಿನ ಪಾರದರ್ಶಕ ಪದರ) ಕೆಳಗೆ ಹುಳ ಹರಿದಂಥ ಬಿಳಿ ಗೆರೆ. ಕಡಿಮೆ ಖರ್ಚಲ್ಲಿ ಪ್ಲಾಸ್ಟಿ ಡಿಪ್ ಥರದ, ಬೇಡವಾದಾಗ ಸುಲಿದು ತೆಗೆಯಬಹುದಾದ ರಬ್ಬರ್ ಸ್ಪ್ರೇ ಹೊಡೆದರೆ ನಡೆಯುತ್ತಾ? ಎಷ್ಟು ಕ್ಯಾನ್ ಬೇಕು?

ಸ್ಪ್ಯಾನರ್: ನಡೆಯುತ್ತೆ. ಸುಮಾರು 300 ಗ್ರಾಂ ಕ್ಯಾನ್ ಆದರೆ ವೀಲ್‌ಗೊಂದು, ದೊಡ್ಡ ರಿಮ್ ಇದ್ದರೆ ಇನ್ನೊಂದು ಕೈಯಲ್ಲಿರಲಿ. ಇಲ್ಲಿ ಉಳಿಸೋಕೆ ಹೋಗಬೇಡಿ. ಎರಡು ಕೋಟ್‌ಗೇ ಬಣ್ಣ ತುಂಬಿದ ಹಾಗೆ ಕಾಣುತ್ತೆ, ಆದರೆ ಅಷ್ಟು ತೆಳು ಪದರ ಮುಂದೆ ಹಾಳೆಯಾಗಿ ಸುಲಿಯಲ್ಲ, ಉಗುರಲ್ಲಿ ಚೂರು ಚೂರು ಕೆರೀಬೇಕಾಗುತ್ತೆ. ಐದಾರು ಕೋಟ್ ಬೇಕೇ ಬೇಕು. ಮೊದಲನೇದು ಬರೀ ತುಂತುರು, ಕೆಳಗಿನ ಬಣ್ಣ ಅರ್ಧ ಕಾಣ್ತಿರಬೇಕು. ಮಿಕ್ಕವು ಒದ್ದೆಯಾಗಿ ಹೊಳೆಯುವಷ್ಟು, ಆದರೆ ಸೋರದಷ್ಟು. 15ರಿಂದ 20 ಸೆಂ.ಮೀ. ದೂರದಿಂದ ಹೊಡೆಯಿರಿ, ಕೋಟಿಂದ ಕೋಟಿಗೆ ಅರ್ಧ ಗಂಟೆ ಬಿಡಿ. ತೀರಾ ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಮೇಲ್ಮೈ ಮರಳು ಮರಳಾಗುತ್ತೆ.

ಬಣ್ಣದ ಡಬ್ಬಿ: ಬಿಳಿ ಗೆರೆ ಇರೋ ಎರಡಕ್ಕೆ ಹಾಗೇ ಹೊಡೆಯೋದಕ್ಕೆ ನನ್ನ ವಿರೋಧ ಇದೆ. ಅದು ಕೊಳೆಯಲ್ಲ, ಅಲ್ಯೂಮಿನಿಯಂ ತಿಂದುಹೋಗಿ ಲ್ಯಾಕರ್ ಎದ್ದಿರೋದು. ರಬ್ಬರ್ ಆ ಸಡಿಲ ಲ್ಯಾಕರ್‌ನೇ ಹಿಡ್ಕೊಳ್ಳುತ್ತೆ, ಸುಲಿಯುವಾಗ ಅದನ್ನೂ ಕಿತ್ಕೊಂಡು ಬರುತ್ತೆ. ಅಷ್ಟರಲ್ಲಿ ಒಳಗೆ ತೇವ ಸೇರಿ ಸವೆತ ನಡೀತಾನೇ ಇರುತ್ತೆ. ಇನ್ನು ಗೀರು: ರಬ್ಬರ್ ಕೋಟ್ ಪುಟ್ಟಿ ಅಲ್ಲ, ಉಗುರಿಗೆ ಸಿಗೋ ಗೀರು ಕೋಟ್ ಮೇಲೂ ಎದ್ದು ಕಾಣುತ್ತೆ. 180ರ ಎಮರಿ ಪೇಪರಿಂದ ಶುರು ಮಾಡಿ 320, 400ಕ್ಕೆ ಹೋಗಬೇಕು (ಅಂಕಿ ಹೆಚ್ಚಿದಷ್ಟೂ ಪೇಪರ್ ನಯ). ಗುಂಡಿಗೆ ಲೋಹದ ಪುಟ್ಟಿ, ಬರಿಲೋಹ ಕಂಡಲ್ಲಿ ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳೋ ತಳಕೋಟ್. ಇಷ್ಟೆಲ್ಲ ಮಾಡಿದ ಮೇಲೆ ವೀಲ್ ಪೇಂಟನ್ನೇ ಯಾಕೆ ಹೊಡೀಬಾರದು?

ಸ್ಪ್ಯಾನರ್: ಆ ಎರಡರ ವಿಷಯ ಒಪ್ಪಿದೆ. ಆದರೆ ಪೇಂಟ್ ಸೋರಿದರೆ ಮತ್ತೆ ಉಜ್ಜಬೇಕು, ರಬ್ಬರ್ ಸೋರಿದರೆ ಕಿತ್ತು ಹೊಸದಾಗಿ ಹೊಡೆಯಬಹುದು. ಮೊದಲ ಸಲ ಸ್ಪ್ರೇ ಹಿಡಿಯೋರಿಗೆ ಇದು ಸಣ್ಣ ಲಾಭ ಅಲ್ಲ.

ಟಾರ್ಕ್ ರೆಂಚ್: ಬಣ್ಣದ ಮಾತಿಗಿಂತ ಮುಖ್ಯವಾದದ್ದು ಬಿಟ್ಟುಹೋಗಿದೆ. ನಟ್ ಕೂರೋ ಜಾಗ, ಹಬ್‌ಗೆ (ವೀಲ್ ಕೂರಿಸೋ ನಡುಭಾಗಕ್ಕೆ) ಒರಗೋ ಹಿಂಬದಿ, ಇವೆರಡಕ್ಕೂ ಒಂದು ಹನಿಯೂ ತಾಗಬಾರದು. ನಡುವೆ ರಬ್ಬರ್ ಸಿಕ್ಕರೆ ಓಡಾಟದಲ್ಲಿ ಅದು ಅಮುಕಿ ತೆಳುವಾಗುತ್ತೆ, ಬಿಗಿ ಇಳಿದು ನಟ್ ಸಡಿಲ ಆಗುತ್ತೆ. ತೂತಿಗೆ ಕಾಗದ ಸುರುಳಿ ಸುತ್ತಿ ತುರುಕಿ. ವೀಲ್ ಬಿಚ್ಚಿಯೇ ಹೊಡೆಯಿರಿ, ಬ್ರೇಕ್ ಡಿಸ್ಕ್ ಮೇಲೆ ತುಂತುರು ಬೀಳೋ ಪ್ರಶ್ನೆಯೇ ಬರಲ್ಲ. ಮತ್ತೆ ಹಾಕುವಾಗ ಮ್ಯಾನುಯಲ್‌ನಲ್ಲಿರೋ ಟಾರ್ಕ್‌ಗೆ (ಬಿಗಿಯ ಅಳತೆಗೆ) ನಟ್ ಬಿಗಿಯಿರಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ. ಟೈರ್ ಬದಲಿಸೋದು, ಬ್ಯಾಲೆನ್ಸಿಂಗ್ ಇದ್ದರೆ ಮೊದಲೇ ಮುಗಿಸಿ. ಟೈರ್ ಮೆಷಿನ್ ಅಂಚಿನ ಕೋಟನ್ನು ಹರಿಯುತ್ತೆ.

ಹಳೇಗಾಡಿ: ಶಾಂಪೂ ಹಾಕಿ ತೊಳೆದರೆ ಸಾಕಲ್ವಾ? ಟೈರ್ ಮುಚ್ಚೋದು ಹೇಗೆ?

ಸ್ಪ್ಯಾನರ್: ಸಾಲದು. ಬ್ರೇಕ್ ಡಸ್ಟ್‌ನ ಕಬ್ಬಿಣದ ಕಣ ಕಚ್ಚಿಕೊಂಡಿರುತ್ತೆ, ಅದಕ್ಕೆ ಐರನ್ ರಿಮೂವರ್. ಪೂರ್ತಿ ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಟೈರ್ ಪಾಲಿಶ್‌ನ ಸಿಲಿಕೋನ್ ರಿಮ್ ಅಂಚಿಗೆ ಉಳಿದರೆ ಕೋಟ್ ಅಲ್ಲಿಂದಲೇ ಏಳೋದು. ಟೈರಿಗೂ ರಿಮ್ಮಿಗೂ ನಡುವೆ ಸುತ್ತಲೂ ಇಸ್ಪೀಟೆಲೆ ಸಿಕ್ಕಿಸಿ, ಅದಕ್ಕಿಂತ ಒಳ್ಳೇ ಮರೆ ಇಲ್ಲ. ಬೇರೆ ಕಡೆ ಟೇಪ್ ಅಂಟಿಸಿದ್ದರೆ ಕೊನೇ ಕೋಟ್ ಹಸಿಯಿರುವಾಗಲೇ ಬಿಚ್ಚಿ. ಒಣಗಿದ ಮೇಲೆ ಎಳೆದರೆ ಕೋಟೂ ಜೊತೆಗೆ ಬರುತ್ತೆ. ಕನಿಷ್ಠ 4 ಗಂಟೆ ಮುಟ್ಟಬೇಡಿ. ಬಯಲಲ್ಲಿ, ಬೆಂಕಿಯಿಂದ ದೂರ ಹೊಡೆಯಿರಿ. ಆವಿ ತಡೆಯೋ ಕಾರ್ಟ್ರಿಜ್ ಮಾಸ್ಕ್ ಇರಲಿ, ಬಟ್ಟೆ ಮಾಸ್ಕ್ ಪ್ರಯೋಜನಕ್ಕಿಲ್ಲ.

ಬಣ್ಣದ ಡಬ್ಬಿ: ಪೆಟ್ರೋಲ್ ತಾಗಿದರೆ ಕರಗುತ್ತೆ, ಪ್ರೆಶರ್ ವಾಷರ್ ಅಂಚಿಗೆ ಹಿಡಿದರೆ ಹಾರುತ್ತೆ. ಪ್ಲಾಸ್ಟಿ ಡಿಪ್‌ನ ತಾಳಿಕೆ ಸುಮಾರು 93 ಡಿಗ್ರಿ ಸೆಲ್ಸಿಯಸ್‌ವರೆಗೆ, ಘಾಟಿ ಇಳಿಯುವಾಗ ಮುಂದಿನ ವೀಲ್ ಎಷ್ಟು ಕಾಯುತ್ತೆ ಯೋಚಿಸಿ. ಪೇಂಟ್‌ಗೆ ಈ ತಾಪತ್ರಯ ಇಲ್ಲ.

ಟಾರ್ಕ್ ರೆಂಚ್: ದಿನದ ಓಡಾಟಕ್ಕೆ ಅಷ್ಟು ಬಿಸಿ ರಿಮ್‌ವರೆಗೆ ಬರಲ್ಲ. ಘಾಟಿಯೇ ದಾರಿ ಆದರೆ ಪೇಂಟ್ ಸರಿ. ಆದರೆ ಎರಡು ರಬ್ಬರ್, ಎರಡು ಪೇಂಟ್ ಅಂತ ಮಾತ್ರ ಮಾಡಬೇಡಿ, ಎರಡರ ಮೆರುಗು ಒಂದೇ ಥರ ಕಾಣಲ್ಲ. ಕೆಟ್ಟ ಎರಡನ್ನು ಉಜ್ಜಿ, ಪುಟ್ಟಿ, ಪ್ರೈಮರ್ ಹಾಕಿ ಪೂರ್ತಿ ಒಣಗಲು ಬಿಡಿ, ಆಮೇಲೆ ನಾಲ್ಕಕ್ಕೂ ರಬ್ಬರ್.

ಬಣ್ಣದ ಡಬ್ಬಿ: ಹಾಗಾದರೆ ಆ ಎರಡರಲ್ಲಿ ಮುಂದೆ ಸುಲಿದಾಗ ಕಾಣೋದು ಪ್ರೈಮರ್. ಅದು ಗೊತ್ತಿದ್ದೇ ಕೈ ಹಾಕಿ.